ಗಾಡಿ ಕಳುವಾದ್ರೆ ಜಿಪಿಎಸ್ ತೋರಿಸೋ ಜಾಗಕ್ಕೆ ಪೊಲೀಸರು ಹೋಗ್ತಾರಾ? (ದಾವಣಗೆರೆ, ಟಾಟಾ ಏಸ್ ಮತ್ತು ಬೈಕ್)

ಏಸ್ ಕೆಎ17

ಎಪಿಎಂಸಿಯಿಂದ ಮೆಕ್ಕೆಜೋಳದ ಬಾಡಿಗೆ ಹೊಡೆಯೋ ಹಳೇ ಡೀಸೆಲ್ ಏಸ್ ಒಂದು, 125 ಸಿಸಿ ಬೈಕ್ ಒಂದು. ರಾತ್ರಿ ಎರಡೂ ಮನೆ ಮುಂದೆ ರಸ್ತೆ ಮೇಲೇ ನಿಲ್ಲೋದು. ಎರಡಕ್ಕೂ ಟ್ರ್ಯಾಕರ್ ಹಾಕಿಸಬೇಕು ಅಂತಿದೀನಿ. ಅಂಗಡಿಯವರು ‘ಇದು ನೇರ ಪೊಲೀಸ್ ಕಂಟ್ರೋಲ್ ರೂಮಿಗೇ ಕನೆಕ್ಟ್ ಸಾರ್’ ಅಂತಾರೆ. ನಿಜಾನಾ? ಗಾಡಿ ಹೋದ ಮೇಲೆ ಮೊಬೈಲಲ್ಲಿ ಚುಕ್ಕೆ ಕಾಣ್ತಿದ್ರೆ ಪೊಲೀಸರು ಅದರ ಹಿಂದೆ ಹೊರಡ್ತಾರಾ, ಇಲ್ಲ ‘ಮೊದಲು ಕಂಪ್ಲೇಂಟ್ ಬರೆದುಕೊಡಿ’ ಅಂತ ಕೂರಿಸ್ತಾರಾ? ಫಾಸ್ಟ್ಯಾಗ್‌ನಿಂದ ಏನಾದ್ರೂ ಗೊತ್ತಾಗುತ್ತಾ? ಎಂಜಿನ್ ಬಂದ್ ಮಾಡೋ ರಿಲೇ ಹಾಕಿಸ್ಲಾ, ಬೇಡ್ವಾ? ತಿಳಿದೋರು ವಿವರವಾಗಿ ಹೇಳಿ, ಜಾಹೀರಾತಿನ ಮಾತು ಬೇಡ.

ನಿವೃತ್ತ ರೈಟರ್

ಠಾಣೆಯಲ್ಲಿ ದೂರು, ದಾಖಲೆ ಬರೆಯೋ ರೈಟರ್ ಆಗಿದ್ದವನು ಹೇಳ್ತೀನಿ, ಅಂಗಡಿಯವರ ಮಾತು ನಂಬಬೇಡಿ. ಖಾಸಗಿ ಟ್ರ್ಯಾಕರ್‌ನ ಡೇಟಾ ಆ ಕಂಪನಿಯ ಸರ್ವರಿಗೆ ಹೋಗುತ್ತೆ, ಅಲ್ಲಿಂದ ನಿಮ್ಮ ಮೊಬೈಲಿಗೆ ಬರುತ್ತೆ. ಪೊಲೀಸರ ಪರದೆ ಮೇಲೆ ಅದು ಮೂಡೋದೇ ಇಲ್ಲ. ಬಸ್ಸು, ಟ್ಯಾಕ್ಸಿಗಳಿಗೆ ಕಡ್ಡಾಯ ಮಾಡಿರೋ ಎಐಎಸ್ 140 ಮಾನದಂಡದ ಟ್ರ್ಯಾಕರ್‌ನ ಕಥೆ ಬೇರೆ. ಅದರಲ್ಲಿ ಪ್ಯಾನಿಕ್ ಬಟನ್ ಇರುತ್ತೆ, ಸರ್ಕಾರದ ಸರ್ವರಿಗೆ ಡೇಟಾ ಹೋಗುತ್ತೆ. ಆದ್ರೆ ಅದು ಪ್ರಯಾಣಿಕರ ಸುರಕ್ಷತೆಗೆ ಮಾಡಿದ್ದು, ರಾತ್ರಿ ಯಾರ ಗಾಡಿ ಯಾರು ತಳ್ಳಿಕೊಂಡು ಹೋದರು ಅಂತ ಕಾಯೋಕಲ್ಲ. ಅಮೆರಿಕದಲ್ಲಿ 1986ರಲ್ಲಿ ಮ್ಯಾಸಚೂಸೆಟ್ಸ್‌ನಿಂದ ಶುರುವಾದ ಲೋಜ್ಯಾಕ್ ವ್ಯವಸ್ಥೆಯಲ್ಲಿ ಗಾಡಿಯೊಳಗೆ ಒಂದು ರೇಡಿಯೋ ಅಡಗಿಸಿರ್ತಿದ್ರು. ಕಳವು ದೂರು ಪೊಲೀಸ್ ಕಂಪ್ಯೂಟರಿಗೆ ಏರಿದ ತಕ್ಷಣ ಅದು ಸಿಗ್ನಲ್ ಕಳಿಸೋಕೆ ಶುರು ಮಾಡ್ತಿತ್ತು, ಪೊಲೀಸ್ ಕಾರಿನ ರಿಸೀವರ್ ದಿಕ್ಕು ತೋರಿಸ್ತಿತ್ತು. ಬಹುಶಃ ಅದನ್ನು ಕೇಳಿ ಇಲ್ಲೂ ಹಾಗೇ ಅಂತ ಮಾರ್ತಾರೆ. ಇಲ್ಲಿ ಕಂಟ್ರೋಲ್ ರೂಮು ಅಂದ್ರೆ ನೀವೇ.

ಹಾಗಾಗಿ ಗಾಡಿ ಹೋಗಿದೆ ಅಂತ ಗೊತ್ತಾದ ಕ್ಷಣ ಇಬ್ಬರು ಬೇಕು. ಒಬ್ಬರು ಆ್ಯಪ್ ಬಿಟ್ಟು ಅಲ್ಲಾಡಬಾರದು, ಇನ್ನೊಬ್ಬರು 112ಕ್ಕೆ ಫೋನ್ ಮಾಡಬೇಕು. ‘ಗಾಡಿ ಕಳುವಾಗಿದೆ’ ಅಂತಷ್ಟೇ ಅಂದ್ರೆ ‘ಠಾಣೆಗೆ ಹೋಗಿ’ ಅನ್ನೋ ಉತ್ತರ ಬರಬಹುದು. ‘ಕೆಎ 17 ನಂಬರಿನ ಬಿಳಿ ಏಸ್, ಹಿಂದೆ ನೀಲಿ ಟಾರ್ಪಾಲು, ಜಿಪಿಎಸ್ ಚಾಲೂ ಇದೆ, ಈಗ ಹರಪನಹಳ್ಳಿ ರಸ್ತೆಯಲ್ಲಿ ಉತ್ತರಕ್ಕೆ ಹೋಗ್ತಿದೆ, ಎರಡು ನಿಮಿಷದ ಹಿಂದಿನ ಪಾಯಿಂಟ್’ ಅಂದ್ರೆ ಅದು ನಡೀತಿರೋ ಅಪರಾಧ. ಎದುರಿನಿಂದ ಗಾಡಿ ಕಳಿಸಿ ಅಡ್ಡ ಹಾಕೋಕೆ ಅವರಿಗೂ ಆಸ್ಪದ ಇರುತ್ತೆ.

ಲೈವ್ ಲಿಂಕ್ ಕೊಡಿ, ಆದ್ರೆ ಅದರ ಮೇಲೇ ನೆಚ್ಚಿಕೊಳ್ಳಬೇಡಿ. ಹೆದ್ದಾರಿ ಮೇಲೆ ಓಡೋ ಪೊಲೀಸ್ ಗಾಡಿಯಲ್ಲಿ ನೆಟ್‌ವರ್ಕ್ ಸಿಗದೇ ಇರಬಹುದು. ಅಕ್ಷಾಂಶ, ರೇಖಾಂಶ ಬಾಯಲ್ಲಿ ಹೇಳೋ ಹಾಗಿರಲಿ. ದಾವಣಗೆರೆ ಅಂದ್ರೆ 14.46, 75.92 ಆಸುಪಾಸು. ದಶಾಂಶದ ನಂತರ ಎರಡೇ ಅಂಕಿ ಕೊಟ್ರೆ ಸುಮಾರು ಒಂದು ಕಿಲೋಮೀಟರ್ ಅಂದಾಜು ಆಗುತ್ತೆ, ಐದು ಅಂಕಿ ಕೊಡಿ. ಹಿಂದುಮುಂದು ಮಾಡಿ ಟೈಪ್ ಮಾಡಿದ್ರೆ ನಿಮ್ಮ ಏಸ್ ನಾರ್ವೆ ಆಚೆಯ ಹಿಮಸಮುದ್ರದಲ್ಲಿ ತೇಲ್ತಿರುತ್ತೆ, ಹುಷಾರು.

ಇದೆಲ್ಲ ನಡೀವಾಗಲೇ ಠಾಣೆಯಲ್ಲಿ ದೂರು ಆಗಬೇಕು. ಭಾರತೀಯ ನ್ಯಾಯ ಸಂಹಿತೆ 303(2), ಅಂದ್ರೆ ಕಳ್ಳತನದ ಕಲಂ. ಆರ್‌ಸಿ ಪ್ರತಿ, ಚಾಸಿ ನಂಬರ್, ಎಂಜಿನ್ ನಂಬರ್, ಗಾಡಿಯ ನಾಲ್ಕು ಕಡೆಯ ಫೋಟೋ ಈಗಲೇ ಫೋನಲ್ಲಿ ಒಂದು ಕಡೆ ಇಟ್ಟುಕೊಳ್ಳಿ. ಚಾಸಿ ನಂಬರಿಗೆ 17 ಅಕ್ಷರ, ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಇರಲ್ಲ. ಸೊನ್ನೆಯನ್ನ ಓ ಅಂತ ಬರೆದುಕೊಟ್ರೆ ಸಿಸಿಟಿಎನ್‌ಎಸ್‌ನಲ್ಲಿ (ದೇಶದ ಠಾಣೆಗಳನ್ನೆಲ್ಲ ಜೋಡಿಸೋ ಪೊಲೀಸ್ ಕಂಪ್ಯೂಟರ್ ಜಾಲ) ತಪ್ಪು ನಂಬರ್ ಕೂರುತ್ತೆ. ಮುಂದೆ ಬೇರೆ ಜಿಲ್ಲೆಯಲ್ಲಿ ಗಾಡಿ ಸಿಕ್ಕರೂ ನಿಮ್ಮ ಕೇಸಿಗೆ ತಾಳೆ ಆಗಲ್ಲ.

ಕ್ಯಾಮೆರಾ ವಿಷಯ. ಸ್ಮಾರ್ಟ್ ಸಿಟಿಯಲ್ಲಿ ಬಂದ ಕಮಾಂಡ್ ಸೆಂಟರ್‌ನಿಂದ ನೋಡಿಸಬಹುದು, ಆದ್ರೆ ನಂಬರ್ ಓದೋ ಕ್ಯಾಮೆರಾ ಓದೋದು ಪ್ಲೇಟನ್ನ. ಎಚ್‌ಎಸ್‌ಆರ್‌ಪಿ (ಹೈ ಸೆಕ್ಯುರಿಟಿ ನಂಬರ್ ಪ್ಲೇಟ್) ಸ್ನ್ಯಾಪ್ ಲಾಕ್ ಮುರಿದು ಬೇರೆ ಪ್ಲೇಟ್ ಸಿಕ್ಕಿಸಿದ್ರೆ ಅದು ಬೇರೆ ಗಾಡಿಯೇ. ಆಗ ಕೂತು ಕಣ್ಣಲ್ಲಿ ಹುಡುಕೋದು: ಗಾಜಿನ ಮೇಲೆ ಬರೆಸಿದ ದೇವರ ಹೆಸರು, ಒಡೆದ ಟೈಲ್ ಲ್ಯಾಂಪ್, ಡಾಲಾಗೆ (ಹಿಂದಿನ ಲೋಡ್ ಬಾಡಿ) ಹಾಕಿಸಿದ ವೆಲ್ಡಿಂಗ್ ಪಟ್ಟಿ. ಇಂಥ ಗುರುತುಗಳನ್ನ ದೂರಿನಲ್ಲೇ ಬರೆಸಿ. ‘ಬಿಳಿ ಬಣ್ಣದ ಏಸ್’ ಅಂದ್ರೆ ಊರಲ್ಲಿ ಸಾವಿರ ಇವೆ.

ನೀವೇ ಹೋಗಿ ಹಿಡಿಯೋ ಸಾಹಸ ಮಾತ್ರ ಬೇಡ. ಜಗಳ ಆದ್ರೆ ನಿಮ್ಮ ಮೇಲೂ ಕೇಸ್ ಬೀಳುತ್ತೆ, ಜೊತೆಗೆ ಸ್ಟೇರಿಂಗ್ ಮೇಲಿನ ಬೆರಳಚ್ಚೂ ಹೋಗುತ್ತೆ.

ವೈರಿಂಗ್ ಪಿಬಿ ರೋಡ್

ರೈಟರ್ ಸಾಹೇಬ್ರು ಹೇಳಿದ್ದು ಸರಿ, ಆದ್ರೆ ಚುಕ್ಕೆ ಕಾಣಿಸಿದ್ರೆ ತಾನೇ ಇದೆಲ್ಲ. ಬಹುಪಾಲು ಟ್ರ್ಯಾಕರ್‌ಗಳು ಕಳ್ಳ ಬರೋ ಮೊದಲೇ ಸತ್ತಿರ್ತವೆ. ಕಾರಣ ಸಿಮ್ ರೀಚಾರ್ಜ್ ಮುಗಿದಿರೋದು. ಹಾಕಿಸಿದ ಮೇಲೆ ತಿಂಗಳಿಗೊಮ್ಮೆ ಆ್ಯಪ್ ತೆಗೆದು ಕೊನೇ ಅಪ್‌ಡೇಟ್ ಸಮಯ ನೋಡಿ, ಅಷ್ಟು ಸಾಕು. ಕಡಿಮೆ ಬೆಲೆಯ ಟ್ರ್ಯಾಕರ್ 2ಜಿ ಮಾತ್ರ ಇದ್ರೆ ಜಿಯೋ ಸಿಮ್ ಕೆಲಸ ಮಾಡಲ್ಲ, ಅದರಲ್ಲಿ 2ಜಿಯೇ ಇಲ್ಲ. 4ಜಿ ಇರೋದನ್ನೇ ತಗೊಳ್ಳಿ.

ವೈರಿಂಗ್ ಹೀಗೆ. ಕೆಂಪು ವೈರ್ ಬ್ಯಾಟರಿ ಪ್ಲಸ್‌ಗೆ ನೇರ, ನಡುವೆ 2 ಆ್ಯಂಪ್ ಫ್ಯೂಸ್, ಫ್ಯೂಸು ಬ್ಯಾಟರಿ ಹತ್ತಿರ ಇರಲಿ. ಕಪ್ಪು ಬಾಡಿ ಅರ್ತ್‌ಗೆ, ಪೇಂಟ್ ಕೆರೆದು ಬೋಲ್ಟ್ ಕೆಳಗೆ. ಇಗ್ನಿಷನ್ ಗೊತ್ತಾಗೋ ವೈರ್ ಒಂದು ಬೇರೆ ಇರುತ್ತೆ, ಬಣ್ಣ ಮಾಡೆಲ್ ಮೇಲೆ ಬದಲಾಗುತ್ತೆ, ಕಾಗದ ನೋಡಿ. ಅದನ್ನ ಕೀ ಆನ್ ಮಾಡಿದಾಗ ಮಾತ್ರ 12 ವೋಲ್ಟ್ ಬರೋ ಕಡೆ ಕೊಡಿ. ಆತುರದವರು ಕೆಂಪನ್ನೂ ಅಲ್ಲೇ ಕೊಟ್ಟು ಕೈತೊಳೆದುಕೊಳ್ತಾರೆ. ಆಗ ಕೀ ತೆಗೆದ್ರೆ ಟ್ರ್ಯಾಕರ್ ಒಳಗಿನ ಪುಟಾಣಿ ಬ್ಯಾಟರಿ ಮೇಲೆ ಬದುಕುತ್ತೆ, ಕೆಲವು ಗಂಟೆಗೆ ಮುಗೀತು. ರಾತ್ರಿ 2 ಗಂಟೆಗೆ ಯಾರಾದ್ರೂ ತಳ್ಳಿಕೊಂಡು ಹೋದ್ರೆ ನಿಮಗೆ ಕಾಣೋದು ನಿನ್ನೆ ಸಂಜೆಯ ಚುಕ್ಕೆ.

ಜಾಗ: ಏಸ್‌ನಲ್ಲಿ ಡ್ಯಾಶ್‌ಬೋರ್ಡ್ ಪ್ಲಾಸ್ಟಿಕ್ ಹಿಂದೆ, ಮೇಲ್ಮೈ ಆಕಾಶಕ್ಕೆ. ಪ್ಲಾಸ್ಟಿಕ್, ಗಾಜು ಅಡ್ಡ ಇದ್ರೆ ತೊಂದರೆ ಇಲ್ಲ, ತಗಡಿನ ಕೆಳಗೆ ಮಾತ್ರ ಬೇಡ. ಬೈಕಲ್ಲಿ ಎಲ್ಲರೂ ಸೀಟ್ ಕೆಳಗೇ ಇಡ್ತಾರೆ, ಕಳ್ಳ ಮೊದಲು ಕೈ ಹಾಕೋದೂ ಅಲ್ಲೇ. ಹೆಡ್‌ಲೈಟ್ ಡೂಮ್ ಒಳಗೆ ಅಥವಾ ಟೈಲ್ ಪ್ಯಾನೆಲ್ ಒಳಗೆ ಇಡಿಸಿ, ನೀರು ಇಳಿಯದ ಹಾಗೆ ವೈರ್ ಬಾಯಿ ಕೆಳಮುಖ ಮಾಡಿ. ಬೈಕ್ ಬ್ಯಾಟರಿ 5 ಆ್ಯಂಪ್ ಅವರ್ ಅಂತಿಟ್ಟುಕೊಳ್ಳಿ. ಟ್ರ್ಯಾಕರ್ 10 ಮಿಲಿ ಆ್ಯಂಪ್ ಎಳೆದ್ರೂ ಹತ್ತು ದಿನಕ್ಕೆ 2.4 ಆ್ಯಂಪ್ ಅವರ್, ಅಂದ್ರೆ ಅರ್ಧ ಖಾಲಿ. ಊರಿಗೆ ಹೋಗಿ ಬಂದಾಗ ಸೆಲ್ಫ್ ಎತ್ತಲಿಲ್ಲ ಅಂತ ಟ್ರ್ಯಾಕರನ್ನೇ ಕಿತ್ತೆಸೀಬೇಡಿ, ಸ್ಲೀಪ್ ಮೋಡ್ ಹಾಕಿಸಿ.

ರಿಲೇ ಬಗ್ಗೆ: ಹಾಕಿಸಿ, ಆದ್ರೆ ಸ್ಟಾರ್ಟರ್‌ಗೆ ಮಾತ್ರ. ನಿಮ್ಮದು ಮೆಕ್ಯಾನಿಕಲ್ ಪಂಪಿನ ಹಳೇ ಡೀಸೆಲ್ ಆಗಿದ್ರೆ ಇಗ್ನಿಷನ್ ವೈರ್ ಕತ್ತರಿಸಿದ ಮಾತ್ರಕ್ಕೆ ಓಡ್ತಿರೋ ಎಂಜಿನ್ ನಿಲ್ಲುತ್ತೆ ಅಂತ ಹೇಳೋಕಾಗಲ್ಲ. ಸ್ಟಾರ್ಟರ್ ಮೋಟಾರಿಗೆ ಕರೆಂಟ್ ಬಿಡೋ ಸೊಲೆನಾಯ್ಡ್‌ಗೆ ಹೋಗೋ ಸಣ್ಣ ವೈರ್‌ನಲ್ಲಿ (ದಪ್ಪ ಕೇಬಲ್ ಅಲ್ಲ) ರಿಲೇಯ 30 ಮತ್ತು 87ಎ ಪಿನ್ ಸೇರಿಸಬೇಕು. 87ಎ ಅಂದ್ರೆ ರಿಲೇಗೆ ಕರೆಂಟ್ ಇಲ್ಲದಾಗ ಜೋಡಿರೋ ಪಿನ್, ಟ್ರ್ಯಾಕರ್ ಕೆಟ್ಟರೂ ಗಾಡಿ ಸ್ಟಾರ್ಟ್ ಆಗುತ್ತೆ. ಕರೆಂಟ್ ಬಂದಾಗ ಮಾತ್ರ ಜೋಡೋ 87ಕ್ಕೆ ಕೊಟ್ಟಿದ್ರೆ ಟ್ರ್ಯಾಕರ್ ಸತ್ತ ದಿನ ಲೋಡ್ ಸಮೇತ ಎಪಿಎಂಸಿ ಗೇಟಲ್ಲೇ ನಿಲ್ತೀರಿ. ಪೆಟ್ರೋಲ್ ಗಾಡಿಗಳಲ್ಲಿ ಫ್ಯೂಯೆಲ್ ಪಂಪಿಗೆ ಕೊಡ್ತಾರೆ, ಆದ್ರೆ ಓಡ್ತಿರುವಾಗ ಆಫ್ ಒತ್ತಿದ್ರೆ ಬ್ರೇಕ್ ಬೂಸ್ಟರ್ ಬಲ ಹೋಗಿ ಎದುರಿನವರು ಸಾಯ್ತಾರೆ. ಗಾಡಿ ನಿಂತಿದೆ ಅಂತ ಖಾತ್ರಿ ಆದ ಮೇಲೇ ಒತ್ತೋದು.

ಏಸ್ ಕೆಎ17

ತುಂಬಾ ಉಪಕಾರ ಸಾರ್. ಫಾಸ್ಟ್ಯಾಗ್ ಮರೆತ್ರಿ. ಮತ್ತೆ ಚುಕ್ಕೆ ಮೊಳಕಾಲ್ಮುರು ದಾಟಿ ರಾಯದುರ್ಗ ಕಡೆ, ಆಂಧ್ರದಲ್ಲಿ ನಿಂತಿದ್ರೆ? ‘ನಮ್ಮ ವ್ಯಾಪ್ತಿ ಅಲ್ಲ’ ಅಂದ್ರೆ ಏನ್ ಮಾಡೋದು?

ದುರ್ಗದ ವಕೀಲ

ಫಾಸ್ಟ್ಯಾಗ್ ತಾನಾಗಿ ಏನನ್ನೂ ಕಳಿಸಲ್ಲ, ಅದರಲ್ಲಿ ಬ್ಯಾಟರಿಯೇ ಇಲ್ಲ. ಟೋಲ್‌ನ ರೀಡರ್ ಕೆಳಗೆ ಹೋದಾಗ ಮಾತ್ರ ಉಸಿರಾಡುತ್ತೆ. ಚಿತ್ರದುರ್ಗದ ಕಡೆ ಹೋದ್ರೆ ಹೆಬ್ಬಾಳು ಟೋಲ್, ಆಮೇಲೆ ಹಿರಿಯೂರು ಹತ್ತಿರ ಗುಯಿಲಾಳು. ಹುಬ್ಬಳ್ಳಿ ಕಡೆ ಹೋದ್ರೆ ರಾಣೆಬೆನ್ನೂರು ಹತ್ತಿರ ಚಳಗೇರಿ. ಹರಪನಹಳ್ಳಿ ರಸ್ತೆ ಹಿಡಿದವರಿಗೆ ಇವು ಯಾವುವೂ ಸಿಗಲ್ಲ. ಬೈಕಿಗಂತೂ ಟ್ಯಾಗೇ ಇಲ್ಲ. ಆದ್ರೂ ಗಾಡಿ ಹೋದ ತಕ್ಷಣ ಬ್ಯಾಂಕಿಗೆ ಫೋನ್ ಮಾಡಿ ಟ್ಯಾಗ್ ಬಂದ್ ಮಾಡಿಸಬೇಡಿ. ಹಣ ಕಡಿತದ ಎಸ್‌ಎಂಎಸ್ಸೇ ನಿಮ್ಮ ಸುಳಿವು. ಟೋಲ್ ಹೆಸರು, ಸಮಯ ಅದರಲ್ಲಿ ಬರುತ್ತೆ, ಆ ಸಮಯ ಕೊಟ್ಟರೆ ತನಿಖಾಧಿಕಾರಿ ಆ ಲೇನಿನ ಕ್ಯಾಮೆರಾ ದೃಶ್ಯ ತರಿಸ್ತಾರೆ. ಎಸ್‌ಎಂಎಸ್ ತಡವಾಗಿಯೂ ಬರಬಹುದು, ಅದು ಬಂದ ಹೊತ್ತನ್ನೇ ಗಾಡಿ ದಾಟಿದ ಹೊತ್ತು ಅಂದುಕೊಳ್ಳಬೇಡಿ.

ವ್ಯಾಪ್ತಿ ನೆಪ 2024ರ ಜುಲೈ 1ರ ನಂತರ ನಡೆಯಲ್ಲ. ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 173ರ ಪ್ರಕಾರ ಎಲ್ಲೇ ಅಪರಾಧ ಆಗಿರಲಿ, ಯಾವ ಠಾಣೆಯಲ್ಲಾದ್ರೂ ಮಾಹಿತಿ ಕೊಡಬಹುದು. ಅದೇ ಜೀರೋ ಎಫ್‌ಐಆರ್. ಆನ್‌ಲೈನ್‌ನಲ್ಲಿ ಕೊಟ್ಟಿದ್ರೆ ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಠಾಣೆಯಲ್ಲಿ ತಗೊಳ್ಳಲ್ಲ ಅಂದ್ರೆ ಎಸ್‌ಪಿ ಕಚೇರಿಗೆ ಅಂಚೆ ಮೂಲಕ ಬರೆದು ಕಳಿಸಬಹುದು. ನಿಮ್ಮ ಗಾಡಿ ದಾವಣಗೆರೆಯಲ್ಲಿ ಹೋಗಿದ್ರೆ ಕೇಸ್ ದಾವಣಗೆರೆಯಲ್ಲೇ. ಅಲ್ಲಿನವರು ರಾಯದುರ್ಗ ಪೊಲೀಸರಿಗೆ ಹೇಳಿ ಗಾಡಿ ನಿಲ್ಲಿಸಬಹುದು, ಕಳವಿನ ಮಾಲು ಅಂತ ಅನುಮಾನ ಇದ್ರೆ ಅದೇ ಸಂಹಿತೆಯ 106ನೇ ಕಲಂ ಅಡಿ ಅವರೇ ವಶಕ್ಕೆ ತಗೋತಾರೆ.

ಚುಕ್ಕೆ ಬೀಗ ಹಾಕಿದ ಶೆಡ್ ಮೇಲೆ ನಿಂತಾಗ ಗಲಾಟೆ ಶುರು. ಬಯಲಲ್ಲಿ ಜಿಪಿಎಸ್ ಐದು ಹತ್ತು ಮೀಟರ್ ಆಚೀಚೆ ತೋರಿಸುತ್ತೆ. ಗುಜರಿ ಅಂಗಡಿಗಳು ಗೋಡೆಗೆ ಗೋಡೆ ಅಂಟಿಕೊಂಡಿರೋ ಕಡೆ ಅದು ಯಾರ ಶೆಡ್ ಅಂತ ಹೇಳೋಕೆ ಸಾಲಲ್ಲ. ತಗಡಿನ ಒಳಗೆ ಹೋದ ಮೇಲೆ ಉಪಗ್ರಹ ಸಿಗದೆ ಟವರ್ ಲೆಕ್ಕಕ್ಕೆ ಜಾರುತ್ತೆ. ಆ್ಯಪ್‌ನಲ್ಲಿ ‘ಎಲ್‌ಬಿಎಸ್’ ಅಂತ ಬಂದಿದ್ರೆ ಆ ಚುಕ್ಕೆ ನೂರಾರು ಮೀಟರ್, ಹಳ್ಳಿಗಾಡಲ್ಲಿ ಕಿಲೋಮೀಟರ್‌ಗಟ್ಟಲೆ ತಪ್ಪಿರಬಹುದು. ಪೊಲೀಸರು ಬಾಗಿಲು ಒಡೆಯಲಿಲ್ಲ ಅಂತ ಬೈಯೋರು ಇದನ್ನ ನೋಡಿರಲ್ಲ. ಅದೇ ಸಂಹಿತೆಯ 185ರ ಅಡಿ ವಾರಂಟ್ ಇಲ್ಲದೆ ಶೋಧಕ್ಕೆ ಅವಕಾಶ ಇದೆ, ಆದ್ರೆ ಕಾರಣ ಮೊದಲೇ ಬರೆದಿಡಬೇಕು, 105ರ ಪ್ರಕಾರ ಶೋಧ ಮತ್ತು ಜಪ್ತಿಯ ವಿಡಿಯೋ ಆಗಬೇಕು, ಪಂಚರ (ಸ್ವತಂತ್ರ ಸಾಕ್ಷಿಗಳ) ಎದುರು ಮಹಜರು ಆಗಬೇಕು.

ಇನ್ನೊಂದು, ಬರೀ ಸ್ಕ್ರೀನ್‌ಶಾಟ್ ಸಾಕ್ಷಿಗೆ ಸಾಲಲ್ಲ. ಕಂಪನಿಯಿಂದ ಪೂರ್ತಿ ಹಿಸ್ಟರಿ ತೆಗೆಸಿ, ಜೊತೆಗೆ ಭಾರತೀಯ ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರ ಬೇಕು, ಹಿಂದಿನ ಸಾಕ್ಷ್ಯ ಕಾಯ್ದೆಯ 65ಬಿ ಅಂತಿದ್ದದ್ದು. ಈಗ ಅದರಲ್ಲಿ ಎ, ಬಿ ಅಂತ ಎರಡು ಭಾಗ, ಬಿ ಭಾಗಕ್ಕೆ ತಜ್ಞರ ಸಹಿ, ಫೈಲು ತಿದ್ದಿಲ್ಲ ಅಂತ ತೋರಿಸೋ ಹ್ಯಾಶ್ ಮೌಲ್ಯವೂ ಇರಬೇಕು. ಕೊಂಡುಕೊಳ್ಳೋ ಮೊದಲೇ ‘ಈ ಸರ್ಟಿಫಿಕೇಟ್ ಕೊಡ್ತೀರಾ’ ಅಂತ ಕೇಳಿ. ಬೆಲೆಗಿಂತ ಇದೇ ಮುಖ್ಯ ಪ್ರಶ್ನೆ. ಹಿಸ್ಟರಿ ಫೈಲಿನ ಸಮಯ ಎಷ್ಟೋ ಸಲ ಗ್ರೀನಿಚ್ ಲೆಕ್ಕದಲ್ಲಿರುತ್ತೆ. ಐದೂವರೆ ಗಂಟೆ ಕೂಡಿಸದೆ ಸಿಸಿಟಿವಿಗೆ ತಾಳೆ ನೋಡಿದ್ರೆ ರಾತ್ರಿ 2 ಗಂಟೆಯ ಕಳವು ಹಿಂದಿನ ದಿನ ರಾತ್ರಿ ಎಂಟೂವರೆ ಆಗಿಬಿಡುತ್ತೆ. ಆರೋಪಿ ಪರ ವಕೀಲರಿಗೆ ಅಷ್ಟೇ ಸಾಕು.

ಹೊಸದುರ್ಗ ಹುಡುಗ

ಇಷ್ಟೆಲ್ಲ ಯಾಕೆ ಗುರು, ಬ್ಲೂಟೂತ್ ಟ್ಯಾಗ್ ಒಂದು ಸೀಟಲ್ಲಿ ಹೊಲಿಸಿದ್ರೆ ಆಯ್ತಲ್ಲ? ಸಿಮ್ಮೂ ಬೇಡ, ರೀಚಾರ್ಜೂ ಬೇಡ.

ವೈರಿಂಗ್ ಪಿಬಿ ರೋಡ್

ಅದಕ್ಕೆ ಹತ್ತಿರದಲ್ಲಿ ಯಾರದ್ದಾದ್ರೂ ಫೋನ್ ಇರಬೇಕು. ಪಿ.ಬಿ. ರಸ್ತೆಯಲ್ಲಿ ಸರಿ, ಮೊಳಕಾಲ್ಮುರು ಹೊಲದ ಮನೆಯಲ್ಲಿ ಯಾರ ಫೋನ್ ಹುಡುಕ್ತೀರಿ? ಮೇಲಾಗಿ ‘ಅಪರಿಚಿತ ಟ್ಯಾಗ್ ನಿಮ್ಮ ಜೊತೆ ಬರ್ತಿದೆ’ ಅಂತ ಕಳ್ಳನ ಫೋನಿಗೇ ಎಚ್ಚರಿಕೆ ಹೋಗುತ್ತೆ. ಬೇಕಾದ್ರೆ ಟ್ರ್ಯಾಕರ್ ಜೊತೆಗೆ ಎರಡನೇದಾಗಿ ಇರಲಿ, ಮೊದಲನೇದು ಸಿಕ್ಕಿ ಕಿತ್ತವನು ಎರಡನೇದಿದೆ ಅಂತ ಅಂದುಕೊಳ್ಳಲ್ಲ.

ಕ್ಲೇಮ್ ಟೇಬಲ್

ವಿಮೆ ಕಡೆಯಿಂದ ಒಂದೆರಡು ಮಾತು. ಎಫ್‌ಐಆರ್ ಆದ ದಿನವೇ ವಿಮಾ ಕಂಪನಿಗೆ, ಸಾಲ ಇದ್ರೆ ಬ್ಯಾಂಕಿಗೆ, ಜೊತೆಗೆ ಆರ್‌ಟಿಒಗೆ ಬರೆದು ತಿಳಿಸಿ, ಸ್ವೀಕೃತಿ ತಗೊಳ್ಳಿ. ಕಂಪನಿಗೆ ತಡವಾಗಿ ತಿಳಿಸಿದ್ರೂ ಎಫ್‌ಐಆರ್ ತಕ್ಷಣ ಆಗಿದ್ರೆ ಅದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಂತ ತಡ ಮಾಡಬೇಡಿ. ಎರಡೂ ಕೀ ಕೇಳ್ತಾರೆ, ಒಂದೇ ಇದ್ರೆ ಪ್ರಶ್ನೆಗಳು ಶುರು. ಪತ್ತೆ ಆಗಲಿಲ್ಲ ಅಂದ್ರೆ ಪೊಲೀಸರು ಕೋರ್ಟಿಗೆ ಕೊಡೋ ‘ಸಿ’ ರಿಪೋರ್ಟ್ ಬೇಕು, ಕ್ಲೇಮ್ ನಿಲ್ಲೋದು ಹೆಚ್ಚಾಗಿ ಅಲ್ಲೇ. ಕ್ಲೇಮ್ ಹಣ ಬಂದ ಮೇಲೆ ಗಾಡಿ ಸಿಕ್ಕರೆ ಅದು ಕಂಪನಿದು, ನಿಮ್ಮದಲ್ಲ.

ನಿವೃತ್ತ ರೈಟರ್

ಸಿಕ್ಕ ಗಾಡಿ ಠಾಣೆ ಆವರಣದಲ್ಲಿ ತುಕ್ಕು ಹಿಡಿಯೋದರ ಬಗ್ಗೆ ಯಾರೂ ಹೇಳಲಿಲ್ಲ. ಜಪ್ತಿ ಆದ ಗಾಡಿ ಪೊಲೀಸರು ಕೈಯೆತ್ತಿ ಕೊಡೋಕಾಗಲ್ಲ, ಕೋರ್ಟ್ ಆದೇಶ ಬೇಕು. ಬಿಎನ್‌ಎಸ್‌ಎಸ್ 503 ಅಥವಾ 497ರ ಅಡಿ ಅರ್ಜಿ ಹಾಕಿಸಿ. ಆರ್‌ಸಿ, ವಿಮೆ, ಗುರುತಿನ ಚೀಟಿ, ಬಾಂಡ್, ಜಾಮೀನುದಾರರು, ಇಷ್ಟು ತಯಾರಿರಲಿ. ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ 2002ರಲ್ಲೇ ಸುಪ್ರೀಂ ಕೋರ್ಟ್, ಗಾಡಿಗಳನ್ನ ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಂಡು ಉಪಯೋಗ ಇಲ್ಲ, ಫೋಟೋ ತೆಗೆದು ಬಾಂಡ್ ಬರೆಸಿಕೊಂಡು ಮಾಲೀಕರಿಗೆ ಕೊಡಿ ಅಂದಿದೆ. ವಕೀಲರಿಗೆ ಅದರ ನೆನಪು ಮಾಡಿ.

ಚಾಸಿ ನಂಬರ್ ಉಜ್ಜಿದ್ರೆ ಮಾತ್ರ ಸ್ವಲ್ಪ ದಿನ ಹಿಡಿಯುತ್ತೆ. ಉಜ್ಜಿದ ಜಾಗಕ್ಕೆ ಆ್ಯಸಿಡ್ ದ್ರಾವಣ ಹಚ್ಚಿದ್ರೆ ಪಂಚ್ ಹೊಡೆತಕ್ಕೆ ಒಳಗೆ ಒತ್ತಿಹೋದ ಲೋಹ ಬೇರೆ ಥರ ಕರಗಿ ಅಂಕಿ ಮತ್ತೆ ಮಸುಕಾಗಿ ಮೂಡುತ್ತೆ, ಆ ಪರೀಕ್ಷೆ ವಿಧಿವಿಜ್ಞಾನ ಪ್ರಯೋಗಾಲಯದ್ದು. ದಾವಣಗೆರೆಯಲ್ಲೇ ಪ್ರಾದೇಶಿಕ ಲ್ಯಾಬ್ ಇರೋದು ನಮ್ಮ ಕಡೆಯವರಿಗೆ ಅನುಕೂಲ. ಆ ವರದಿ ಬರೋ ಮುಂಚೆ ಬಿಡುಗಡೆ ಅರ್ಜಿ ಹಾಕಿದ್ರೆ ‘ಇದು ನಿಮ್ಮದೇ ಗಾಡಿ ಅಂತ ಹೇಗೆ ಹೇಳ್ತೀರಿ’ ಅನ್ನೋ ಪ್ರಶ್ನೆ ಬರುತ್ತೆ. ಟ್ರ್ಯಾಕರ್ ಇನ್ನೂ ಗಾಡಿಯಲ್ಲೇ ಇದ್ರೆ ಅದನ್ನ ಬಿಚ್ಚಬೇಡಿ, ಅದರ ಐಎಂಇಐ ನಂಬರನ್ನ (ಆ ಸಾಧನದ ಗುರುತಿನ ನಂಬರ್) ಮಹಜರಿನಲ್ಲಿ ಬರೆಸಿ. ನಿಮ್ಮ ಬಿಲ್ಲಿನಲ್ಲಿರೋ ನಂಬರಿಗೆ ಅದು ಹೊಂದಿದ್ರೆ ಆ ಪ್ರಶ್ನೆಗೆ ಒಳ್ಳೇ ಉತ್ತರ. ಅದಕ್ಕೇ ಬಿಲ್ಲಿನಲ್ಲಿ ಐಎಂಇಐ ಬರೆಸಿಕೊಳ್ಳದೆ ಅಂಗಡಿ ಬಿಡಬೇಡಿ.