‘ಅಬ್ಬೆ’ಯೋ ‘ಮಠ’ವೋ: ಬೋರ್ಡೋ ಸೀಮೆಯ ಒಂದು ಪಾಳುನೆಲೆಯನ್ನು ಕನ್ನಡದಲ್ಲಿ ಕರೆಯುವ ಬಗೆ

ಫ್ರಾನ್ಸಿನ ಬೋರ್ಡೋ ನಗರದ ಪೂರ್ವಕ್ಕೆ, ಗರೋನ್ ಮತ್ತು ದೋರ್ದೋನ್ ನದಿಗಳ ನಡುವಣ ದ್ರಾಕ್ಷಿತೋಟಗಳ ಸೀಮೆಯಲ್ಲಿ, 1079ರಲ್ಲಿ ಜೆರಾರ್ ಎಂಬ ಸಂನ್ಯಾಸಿ ಕಟ್ಟಿದ ಲಾ ಸೋವ್-ಮಜೂರ್ ಎಂಬ, ಸಂತ ಬೆನೆಡಿಕ್ಟನ ನಿಯಮ ಪಾಲಿಸುವ ಕ್ರೈಸ್ತ ಸಂನ್ಯಾಸಿ ಪಂಥದ ನೆಲೆಯಿದೆ. ಫ್ರೆಂಚ್ ಕ್ರಾಂತಿಯ ಕಾಲಕ್ಕೆ ಸಂನ್ಯಾಸಿಗಳನ್ನು ಕಳೆದುಕೊಂಡು, ಬಳಿಕ ಚಾವಣಿ ಕುಸಿದು, ಕಲ್ಲುಗಳು ಊರವರ ಮನೆಗೋಡೆಗಳಿಗೆ ಹೋದ ಮೇಲೆ, ಎಂಟು ಮೂಲೆಯ ಗಂಟೆಗೋಪುರವೂ ಕೆತ್ತನೆಯ ಬೋದಿಗೆಗಳ ಕೆಲವು ಕಂಬಗಳೂ ಉಳಿದುಕೊಂಡಿವೆ. ಇಂಥ ನೆಲೆಯನ್ನು ಕನ್ನಡದಲ್ಲಿ ಏನೆಂದು ಬರೆಯಬೇಕು ಎಂಬುದು ನನ್ನ ಪ್ರಶ್ನೆ.

ಇಂಥ ಸಂನ್ಯಾಸಿಗಳ ನೆಲೆಗೆ ಇಂಗ್ಲಿಷಿನಲ್ಲಿರುವ abbey ಎಂಬ ಪದವನ್ನು ಹಾಗೆಯೇ ಎತ್ತಿಕೊಂಡು ಈಚಿನ ಬರಹಗಳಲ್ಲಿ ಬಳಸುವ ‘ಅಬ್ಬೆ’ ನನಗೆ ಒಪ್ಪಿಗೆಯಿಲ್ಲ. ಅತ್ತಿಮಬ್ಬೆಯ ಹೆಸರಿನಲ್ಲಿರುವ, ಹವ್ಯಕರ ಮನೆಗಳಲ್ಲಿ ಇಂದಿಗೂ ಕೇಳಿಬರುವ ‘ಅಬ್ಬೆ’ ತಾಯಿ. ಯುರೋಪಿನ ಪದವಾದರೋ ತಂದೆ ಎಂಬರ್ಥದ ಅರಮಾಯಿಕ್ ‘ಅಬ್ಬಾ’ದಿಂದ ಲ್ಯಾಟಿನ್ನಿನ ಮೂಲಕ ಬಂದದ್ದು. ‘ಚರ್ಚು’ ಎಂದರೂ ಸಾಲದು, ಏಕೆಂದರೆ ಪ್ರಾರ್ಥನಾಮಂದಿರವು ಆ ನೆಲೆಯ ಒಂದು ಭಾಗ ಮಾತ್ರ. ಊಟದ ಮನೆ, ಮಲಗುವ ಮನೆ, ಉಗ್ರಾಣ, ಹೊಲಗದ್ದೆ ಎಲ್ಲವೂ ಸೇರಿಯೇ ಅದು ಪೂರ್ಣವಾಗುತ್ತದೆ.

‘ಮಠ’ವೇ ಸರಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಬಳ್ಳಿಗಾವಿಯ ಕೋಡಿಯಮಠವನ್ನು 12ನೆಯ ಶತಮಾನದ ಶಾಸನವು ವಿದ್ಯೆಯ ಮತ್ತು ಅನ್ನದಾನದ ತಾಣವೆಂದು ಬಣ್ಣಿಸುವಾಗ, ಅದೇ ಶತಮಾನದ ಲಾ ಸೋವ್ ಸ್ಪೇನಿನ ಸಾಂತಿಯಾಗೋ ಎಂಬ ಕ್ರೈಸ್ತ ಕ್ಷೇತ್ರಕ್ಕೆ ಹೋಗುವ ಯಾತ್ರಿಕರಿಗೆ ಆಸರೆಯಾಗಿತ್ತು. ನಮ್ಮ ಹಳ್ಳಿಗಳಲ್ಲಿ ‘ಮಠಕ್ಕೆ ಹೋಗು’ ಎಂದರೆ ಓದಲು ಹೋಗು ಎಂದೇ ಅರ್ಥವಿತ್ತು. ಮುಖ್ಯಸ್ಥನಿಗೆ ‘ಮಠಾಧಿಪತಿ’, ಅಧೀನ ನೆಲೆಗಳಿಗೆ ‘ಶಾಖಾಮಠ’ ಎಂಬ ಪದಗಳೂ ಸಿದ್ಧವಾಗಿಯೇ ಇವೆ. ಮಠವೆಂದಾಗ ದ್ರಾಕ್ಷಾರಸ ನೆನಪಿಗೆ ಬಾರದೆಂಬ ಆಕ್ಷೇಪವುಂಟು. ಆದರೆ ಪೂಜೆಗೆ ಅದು ಬೇಕಾಗಿತ್ತು, ಬೆನೆಡಿಕ್ಟನ ನಿಯಮಾವಳಿಯೇ ಸಂನ್ಯಾಸಿಗೆ ದಿನಕ್ಕೊಂದು ಅಳತೆ ಕೊಡಲು ಒಪ್ಪಿತ್ತು. ಅದನ್ನು ವಾಕ್ಯದಲ್ಲಿ ವಿವರಿಸಬಹುದು, ಪದವನ್ನು ಬಿಡಬೇಕಿಲ್ಲ.

(ಲಾ ಸೋವ್-ಮಜೂರ್ ಎಂಬುದರ ಮೂಲ ಲ್ಯಾಟಿನ್ನಿನ ‘ಹಿರಿಯ ಕಾಡು’, ನಮ್ಮ ‘ಹೆಗ್ಗಾಡು’ ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ!)

ನನಗೆ ಬಗೆಹರಿಯದಿರುವುದು ವಿಶೇಷಣ. ‘ಹಾಳು’, ‘ಪಾಳು’ ಎರಡೂ ಒಂದೇ ಪದದ ರೂಪಗಳು. ಆದರೂ ‘ಹಾಳುಮಠ’ ಬೈಗುಳದಂತೆ ಕೇಳಿಸುತ್ತದೆ, ‘ಪಾಳುಮಠ’ ಉಳುಮೆ ನಿಂತ ಹೊಲವನ್ನು ನೆನಪಿಸುತ್ತದೆ, ‘ಭಗ್ನಮಠ’ ಗ್ರಂಥದ ಮಾತಾಗಿಯೇ ಉಳಿಯುತ್ತದೆ. ಸದ್ಯ ನಾನು ‘ಪಾಳುಮಠ’ ಎಂದೇ ಬರೆಯುತ್ತಿದ್ದೇನೆ. ನಿಮ್ಮ ಸೀಮೆಯ ಆಡುನುಡಿಯಲ್ಲಿ, ಜನ ಬಿಟ್ಟುಹೋಗಿ ಗೋಡೆ ಮಾತ್ರ ನಿಂತ ಗುಡಿಗೋ ಮಠಕ್ಕೋ ಬೇರೆ ಹೆಸರಿದೆಯೇ?