ಸಹಾಯ ಬೇಕು: ತುಷ್ಟಿಗುಣವನ್ನು ಅಳೆಯಬಹುದಾ, ಇಲ್ವಾ?

ಎಲ್ಲರಿಗೂ ನಮಸ್ಕಾರ. ಅಕ್ಕನ ಮಗಳಿಗೆ ಪಿಯುಸಿ ಅರ್ಥಶಾಸ್ತ್ರ ಹೇಳಿಕೊಡುತ್ತಿದ್ದೇನೆ. ತುಷ್ಟಿಗುಣ (ಇಂಗ್ಲಿಷ್‌ನಲ್ಲಿ ಯುಟಿಲಿಟಿ), ಅಂದರೆ ಒಂದು ವಸ್ತುವಿನಿಂದ ಸಿಗುವ ತೃಪ್ತಿ, ಅನ್ನುವ ಕಡೆ ಇಬ್ಬರೂ ಸಿಕ್ಕಿಹಾಕಿಕೊಂಡಿದ್ದೇವೆ.

ಮನೆಯಲ್ಲಿ ಯುಟಿಲಿಟಿ ಅಂದರೆ ಅಡುಗೆಮನೆ ಹಿಂದೆ ಪಾತ್ರೆ ತೊಳೆಯುವ ಜಾಗ. ಕಂಪ್ಯೂಟರ್‌ನಲ್ಲಿ ಫೈಲ್ ಜಿಪ್ ಮಾಡುವ ಸಣ್ಣ ಪ್ರೋಗ್ರಾಂ. ಕರೆಂಟು, ನೀರು ಕೊಡುವ ಸಂಸ್ಥೆಗಳಿಗೂ ಅದೇ ಹೆಸರು. ಇದೆಲ್ಲ ಅವಳಿಗೆ ಬೇಗ ಅರ್ಥವಾಯಿತು. ತೊಡಕು ಇರುವುದು ಅರ್ಥಶಾಸ್ತ್ರದ ಒಳಗೇ.

ಮೊದಲು ಸೀಮಾಂತ ತುಷ್ಟಿಗುಣ ಬರುತ್ತದೆ, ಅಂದರೆ ಇನ್ನೊಂದು ತಿಂದಾಗ ಸಿಗುವ ಹೆಚ್ಚುವರಿ ತೃಪ್ತಿ. ಒಂದನೇ ಹೋಳಿಗೆಗೆ 20 ಯುಟಿಲ್ (ತೃಪ್ತಿಯನ್ನು ಅಳೆಯಲು ಇಟ್ಟುಕೊಂಡ ಕಾಲ್ಪನಿಕ ಘಟಕ), ಎರಡನೆಯದಕ್ಕೆ 14, ಮೂರನೆಯದಕ್ಕೆ 6. ಕೂಡಿದರೆ 40. ಆಮೇಲೆ ಔದಾಸೀನ್ಯ ರೇಖೆ ಬರುತ್ತದೆ, ಅಂದರೆ ಒಂದೇ ಸಮ ಇಷ್ಟವಾಗುವ ವಸ್ತು ಜೋಡಿಗಳನ್ನು ಸೇರಿಸುವ ಗೆರೆ. ಅಲ್ಲಿ ತೃಪ್ತಿಯನ್ನು ಅಳೆಯೋಕಾಗಲ್ಲ, ಯಾವುದು ಜಾಸ್ತಿ ಇಷ್ಟ ಅಂತ ಕ್ರಮ ಮಾತ್ರ ಹೇಳಬಹುದು ಅನ್ನುತ್ತಾರೆ. 1934ರಲ್ಲಿ ಅರ್ಥಶಾಸ್ತ್ರಜ್ಞರಾದ ಹಿಕ್ಸ್ ಮತ್ತು ಆಲೆನ್ ಇದೇ ದಾರಿ ಹಿಡಿದರು. ಇಲ್ಲಿಯವರೆಗೆ ಸರಿ.

ಆದರೆ 1944ರಲ್ಲಿ ಗಣಿತಜ್ಞ ಫಾನ್ ನಾಯ್ಮನ್, ಅರ್ಥಶಾಸ್ತ್ರಜ್ಞ ಮಾರ್ಗನ್‌ಸ್ಟರ್ನ್ ಮತ್ತೆ ಸಂಖ್ಯೆಗಳನ್ನು ತಂದರು. ಉದಾಹರಣೆಗೆ, ಖಚಿತವಾಗಿ 500 ರೂಪಾಯಿ ಬೇಕಾ, ಇಲ್ಲಾ ನಾಣ್ಯ ಚಿಮ್ಮಿ 1000 ಅಥವಾ ಸೊನ್ನೆ ಬೇಕಾ? ಇದನ್ನು ಲೆಕ್ಕ ಹಾಕಲು ಬರೀ ಕ್ರಮ ಸಾಲದು, ಒಂದಕ್ಕಿಂತ ಇನ್ನೊಂದು ಎಷ್ಟು ಜಾಸ್ತಿ ಇಷ್ಟ ಅನ್ನುವ ಅಂತರವೂ ಬೇಕು. ಪಠ್ಯಪುಸ್ತಕ ಪೂರ್ತಿ ಹುಡುಕಿದೆ, ಪರಿಚಯದ ಉಪನ್ಯಾಸಕರನ್ನೂ ಕೇಳಿದೆ. 'ಅದು ಬೇರೆ ವಿಷಯ' ಅಂದರು, ಹೇಗೆ ಬೇರೆ ಅಂತ ಬಿಡಿಸಿ ಹೇಳಲಿಲ್ಲ. ಹುಡುಗಿ ನಿಜಕ್ಕೂ ತಿಳಿದುಕೊಳ್ಳಬೇಕು ಅಂತ ಕೂತಿದ್ದಾಳೆ, ಸುಮ್ನೆ ಬಾಯಿಪಾಠ ಮಾಡಿಸಲು ಮನಸ್ಸಿಲ್ಲ.

ಅರ್ಥಶಾಸ್ತ್ರ ಓದಿದವರು ದಯವಿಟ್ಟು ಹೇಳಿ: ಈ ನಾಣ್ಯದ ಲೆಕ್ಕದಲ್ಲಿ ಬರುವ ಸಂಖ್ಯೆ ಹೋಳಿಗೆಯ ಯುಟಿಲ್ ಥರ ತೃಪ್ತಿಯ ಅಳತೆಯಾ, ಅಥವಾ ಅಪಾಯದ ಮುಂದೆ ನಾವು ಮಾಡುವ ಆಯ್ಕೆಯನ್ನು ತೋರಿಸುವ ಗುರುತು ಮಾತ್ರವಾ?