ಲಂಡನ್ನಿನ ಕಿಂಕ್ ಬಳಗದ ಮೇಲೆ ಡಾಕ್ಯುಮೆಂಟರಿ: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ನಾನು ಮೈಸೂರಿನವಳು. ಲಂಡನ್ನಿನಲ್ಲಿ ಸಿನಿಮಾ ಓದುತ್ತಿದ್ದೇನೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಇಲ್ಲಿನ ಕಿಂಕ್ ಬಳಗದ ಮೇಲೆ 25 ನಿಮಿಷದ ಡಾಕ್ಯುಮೆಂಟರಿ ಮಾಡುವ ಆಸೆ. ಹಗ್ಗದಲ್ಲಿ ಕಟ್ಟುವುದು, ಲೆದರ್ ಉಡುಪು, ಒಬ್ಬರು ಹೇಳಿದಂತೆ ಇನ್ನೊಬ್ಬರು ಒಪ್ಪಿ ನಡೆಯುವುದು, ಇದೆಲ್ಲ ಬದುಕಿನ ಭಾಗವಾಗಿರುವ ವಯಸ್ಕರು ಇವರು. ಟಿವಿಯಲ್ಲಿ ಇವರನ್ನು ಪ್ರದರ್ಶನಕ್ಕಿಟ್ಟ ಹಾಗೆ ತೋರಿಸುತ್ತಾರೆ. ನನಗೆ ಹಾಗೆ ಬೇಡ. ಇಬ್ಬರು ಒಪ್ಪಿದ್ದಾರೆ. ಉಳಿದವರು ಕ್ಯಾಮೆರಾ ಅಂದ ಕೂಡಲೇ ದೂರ ಸರಿಯುತ್ತಾರೆ. ಏನು ಮಾಡಲಿ?

ಲಂಡನ್ನಿನಲ್ಲಿ ಎಡಿಟಿಂಗ್ ಮಾಡುವವರು:

ಅವರು ದೂರ ಸರಿಯುವುದಕ್ಕೆ ಕಾರಣ ಇದೆ. ಅದನ್ನು ತಿಳಿದುಕೊಂಡು ಆಮೇಲೆ ಕೇಳಲು ಹೋಗಿ.

1987ರಲ್ಲಿ ಇಂಗ್ಲೆಂಡಿನ ಪೊಲೀಸರ ಕೈಗೆ ಒಂದು ವಿಡಿಯೊ ಟೇಪು ಸಿಕ್ಕಿತು. ಕೆಲವು ಗಂಡಸರು ಒಪ್ಪಿಕೊಂಡು ಒಬ್ಬರಿಗೊಬ್ಬರು ನೋವು ಕೊಡುವ ದೃಶ್ಯ, ತಮ್ಮ ತಮ್ಮೊಳಗೆ ನೋಡಿಕೊಳ್ಳಲು ಮಾಡಿಕೊಂಡಿದ್ದು. ಪೊಲೀಸರು ಇದು ಕೊಲೆ ಅಂತ ತಿಳಿದರು. ಹುಡುಕಿದರೆ ಎಲ್ಲರೂ ಬದುಕಿದ್ದರು, ಯಾರದ್ದೂ ದೂರು ಇರಲಿಲ್ಲ. ಆದರೂ 1990ರ ಡಿಸೆಂಬರಿನಲ್ಲಿ 16 ಜನರಿಗೆ ಶಿಕ್ಷೆಯಾಯಿತು. 1993ರಲ್ಲಿ ಆಗ ಅಲ್ಲಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್ 3-2ರ ಬಹುಮತದಲ್ಲಿ ಅದನ್ನೇ ಎತ್ತಿ ಹಿಡಿಯಿತು. 1997ರಲ್ಲಿ ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ಕೋರ್ಟೂ ಬದಲಿಸಲಿಲ್ಲ. ಇದಕ್ಕೆ ಇಲ್ಲಿ ಸ್ಪ್ಯಾನರ್ ಕೇಸ್ ಅನ್ನುತ್ತಾರೆ. ಬಳಗದ ಹಿರಿಯರಿಗೆ ನಿಮ್ಮ ಕ್ಯಾಮೆರಾ ಕಂಡರೆ ಆ ಟೇಪು ನೆನಪಾಗುತ್ತದೆ, ಅಷ್ಟೇ.

ಹಳೆಯ ಕಥೆ ಅಂತ ಬಿಡುವ ಹಾಗೂ ಇಲ್ಲ. 2021ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 71ನೇ ಸೆಕ್ಷನ್ ನೋಡಿ. ಲೈಂಗಿಕ ಸುಖಕ್ಕಾಗಿ ಮೈಗೆ ಗಾಯವಾಗಿದ್ದರೆ, ಒಪ್ಪಿಗೆ ಇತ್ತು ಅನ್ನುವ ವಾದ ನಡೆಯುವುದಿಲ್ಲ. ಜೊತೆಗೆ 2008ರ ಕ್ರಿಮಿನಲ್ ಜಸ್ಟಿಸ್ ಅಂಡ್ ಇಮಿಗ್ರೇಷನ್ ಕಾಯ್ದೆಯ 63ನೇ ಸೆಕ್ಷನ್. ಕೆಲವು ಬಗೆಯ ತೀವ್ರ ಅಶ್ಲೀಲ ದೃಶ್ಯಗಳನ್ನು ಇಟ್ಟುಕೊಳ್ಳುವುದೇ ಅಪರಾಧ. ಸೆನ್ಸಾರ್ ಸರ್ಟಿಫಿಕೇಟ್ ಸಿಕ್ಕ ಸಿನಿಮಾಕ್ಕೆ ವಿನಾಯಿತಿ ಇದೆ. ನಿಮ್ಮ ಹಾರ್ಡ್ ಡಿಸ್ಕಿನಲ್ಲಿರುವ ರಶಸ್, ಅಂದರೆ ಎಡಿಟ್ ಆಗದ ಕಚ್ಚಾ ಶೂಟಿಂಗ್, ಸರ್ಟಿಫಿಕೇಟ್ ಪಡೆದ ಸಿನಿಮಾ ಅಲ್ಲವಲ್ಲ! ಅದಕ್ಕೇ ಶೂಟಿಂಗಿಗೆ ಮುಂಚೆ ಕಾಲೇಜಿನ ಮೂಲಕ ಒಬ್ಬ ವಕೀಲರ ಹತ್ತಿರ ಕೂತು ಮಾತಾಡಿ. ಬೇಡದ್ದನ್ನು ಶೂಟ್ ಮಾಡಲೇಬೇಡಿ. ಇರಲಿ, ಆಮೇಲೆ ಕತ್ತರಿಸಿದರಾಯಿತು ಅನ್ನುವ ಅಭ್ಯಾಸ ಈ ವಿಷಯದಲ್ಲಿ ಬೇಡ. ನಿಮ್ಮ ಸಿನಿಮಾಕ್ಕೆ ಅಪಾಯ ಅಂತಲ್ಲ, ನಿಮ್ಮನ್ನು ನಂಬಿದವರಿಗೆ ಅಪಾಯ.

ನಾನು ಕತ್ತರಿಸಿದ ಒಂದು ಚಿತ್ರದ ಮಾತು ಹೇಳುತ್ತೇನೆ. ಕ್ಲಬ್ಬಿನೊಳಗೆ ರಾತ್ರಿಯಿಡೀ ತೆಗೆದಿದ್ದು ಬೇಕಾದಷ್ಟಿತ್ತು, ಕೆಂಪು ದೀಪ, ಹೊಗೆ, ಸಂಗೀತ ಎಲ್ಲ. ಅದರಲ್ಲಿ ಎರಡು ನಿಮಿಷವೂ ಉಳಿಯಲಿಲ್ಲ. ಉಳಿದದ್ದು ಭಾನುವಾರ ಬೆಳಗ್ಗೆ ಅಡುಗೆಮನೆಯಲ್ಲಿ ತೆಗೆದದ್ದು. ಒಬ್ಬ ಹೆಂಗಸು ತನ್ನ ಸೆಣಬಿನ ಹಗ್ಗಗಳನ್ನು ಒಲೆಯ ಉರಿಯ ಮೇಲೆ ಬೇಗಬೇಗ ಹಾಯಿಸುತ್ತಾರೆ, ಜುಂಗು ಸುಟ್ಟುಹೋಗಲಿ ಅಂತ. ಆಮೇಲೆ ಒಂದಿಷ್ಟು ಎಣ್ಣೆ ಸವರುತ್ತಾರೆ. ಸುರುಳಿ ಸುತ್ತುತ್ತಾರೆ. ಅಷ್ಟು ಹೊತ್ತೂ ತೀರಿಕೊಂಡ ತಾಯಿಯ ಮಾತು ಆಡುತ್ತಿದ್ದರು. ಕೈ ನಿಲ್ಲಲಿಲ್ಲ, ಮಾತೂ ನಿಲ್ಲಲಿಲ್ಲ. ಏಳು ನಿಮಿಷ ಒಂದೇ ಶಾಟ್. ನಾನು ನಡುವೆ ಎಲ್ಲೂ ಕತ್ತರಿ ಹಾಕಲಿಲ್ಲ. ಆ ಹಗ್ಗ ಆಕೆಗೆ ಏನು ಅನ್ನುವುದು ನೋಡುವವರಿಗೆ ತಾನಾಗೇ ತಿಳಿಯುತ್ತಿತ್ತು.

ಕಿಂಕ್ ಲೋಕದಲ್ಲಿ ಸೇಫ್‌ವರ್ಡ್ ಅಂತ ಇರುತ್ತದೆ. ಮೊದಲೇ ಮಾತಾಡಿಕೊಂಡ ಒಂದು ಪದ. ಅದನ್ನು ಅಂದರೆ ಎಲ್ಲವೂ ಅಲ್ಲಿಗೇ ನಿಲ್ಲಬೇಕು, ಯಾಕೆ ಅಂತ ಕೇಳುವ ಹಾಗಿಲ್ಲ. ನಿಮ್ಮ ಕ್ಯಾಮೆರಾಗೂ ಅದೇ ನಿಯಮ ಇರಲಿ. ಎಡಿಟಿಂಗ್ ಟೇಬಲ್ಲಿಗೂ ಇರಲಿ. ಸಹಿ ಮಾಡಿಸಿಕೊಂಡ ಕಾಗದ ಒಂದು ದಿನದ ಒಪ್ಪಿಗೆ ಮಾತ್ರ. ನಮ್ಮ ಚಿತ್ರದಲ್ಲಿ ಒಬ್ಬರು ಕೊನೆಯ ಹಂತದಲ್ಲಿ ನನ್ನ ಭಾಗ ಬೇಡ ಅಂದರು. ಅವರಿಗೆ ಹೊಸ ಕೆಲಸ ಸಿಕ್ಕಿತ್ತು. ನಿರ್ದೇಶಕರು ಸಹಿ ಇದೆಯಲ್ಲ ಅಂತ ಹಟ ಹಿಡಿದರು. ಎರಡು ದಿನ ಜಗಳ ಆಯಿತು. ಕೊನೆಗೆ ಒಂಬತ್ತು ನಿಮಿಷ ತೆಗೆದೆವು. ಚಿತ್ರ ಕುಂಟಿತು, ಸುಳ್ಳು ಹೇಳುವುದಿಲ್ಲ. ಮತ್ತೆ ಅಂಥ ಸಂದರ್ಭ ಬಂದರೂ ತೆಗೆಯುತ್ತೇನೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕ್ಯಾಮೆರಾ ಮಾಡುವವರು:

ಮೇಲಿನ ಮಾತಿಗೆ ನನ್ನದೂ ಒಂದಿಷ್ಟು. ಇಲ್ಲಿ 1984ರಿಂದ ಫೋಲ್ಸಂ ಸ್ಟ್ರೀಟ್ ಫೇರ್ ನಡೆಯುತ್ತದೆ, ಸೆಪ್ಟೆಂಬರಿನಲ್ಲಿ. ಬಯಲು ರಸ್ತೆಯ ಜಾತ್ರೆ, ಸಾವಿರಾರು ಜನ. ಅಲ್ಲೂ ಕೇಳದೆ ಫೋಟೊ ತೆಗೆಯಬಾರದು ಅನ್ನುವ ರೂಢಿ ಇದೆ. ರಸ್ತೆಯಲ್ಲಿದ್ದಾರೆ ಅಂದ ಮಾತ್ರಕ್ಕೆ ತೆಗೆಯಬಹುದು ಅಂತಲ್ಲ.

ಮೂರು ತಿಂಗಳು ಕ್ಯಾಮೆರಾ ಇಲ್ಲದೆ ಹೋಗಿ. ಮಂಚ್ ಅಂತ ಮಾಡುತ್ತಾರೆ, ಪಬ್ಬಿನಲ್ಲೋ ಹೋಟೆಲಿನಲ್ಲೋ ಸಾದಾ ಬಟ್ಟೆಯಲ್ಲಿ ಸೇರಿ ಊಟ, ಹರಟೆ. ಅಲ್ಲಿ ಸುಮ್ನೆ ಕೂತು ಕೇಳಿಸಿಕೊಳ್ಳಿ. ಸಿನಿಮಾ ಮಾಡುವವಳು ಅಂತ ಮೊದಲ ದಿನವೇ ಹೇಳಿಬಿಡಿ, ಬಚ್ಚಿಡಬೇಡಿ.

ಮುಖ ತೋರಿಸಲು ಒಪ್ಪದವರಿಗೆ ಮಸುಕು ಹಾಕಬೇಡಿ. ಮಸುಕು ಹಾಕಿದ ಮುಖ ಕಂಡರೆ ಅಪರಾಧಿ ಅನ್ನುವ ಭಾವ ಬರುತ್ತದೆ, ಅಲ್ವಾ? ಕೈ ತೆಗೆಯಿರಿ, ಬೆನ್ನು ತೆಗೆಯಿರಿ, ಖಾಲಿ ಕುರ್ಚಿ ತೆಗೆಯಿರಿ. ಆದರೆ ಹಚ್ಚೆ, ಉಂಗುರ, ಕಿಟಕಿಯಾಚೆ ಕಾಣುವ ಕಟ್ಟಡ, ಇವೆಲ್ಲ ಗುರುತು ಹೇಳಿಬಿಡುತ್ತವೆ. ದನಿಯೂ ಅಷ್ಟೇ. ನಾವು ಒಬ್ಬರ ಮಾತನ್ನು ನಟಿಯೊಬ್ಬರಿಂದ ಓದಿಸಿದೆವು. ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಸಹ ಹಾಗೇ ಇಟ್ಟೆವು.

ಇನ್ನೊಂದು. 1979ರಲ್ಲಿ ನ್ಯೂಯಾರ್ಕಿನಲ್ಲಿ ಲೆದರ್ ಉಡುಪಿನ ಸಲಿಂಗಿಗಳು ಸೇರುವ ಬಾರ್‌ಗಳ ಹಿನ್ನೆಲೆಯಲ್ಲಿ ಕ್ರೂಸಿಂಗ್ ಅನ್ನುವ ಕೊಲೆ ಕಥೆಯ ಸಿನಿಮಾದ ಶೂಟಿಂಗ್ ನಡೆಯುವಾಗ ಸಲಿಂಗಿಗಳು ಬೀದಿಗಿಳಿದರು. ಸೀಟಿ ಊದಿದರು, ಕನ್ನಡಿ ಹಿಡಿದು ಬೆಳಕು ಕೆಡಿಸಿದರು. ತಮ್ಮ ಜಾಗವನ್ನು ಭಯ ಹುಟ್ಟಿಸಲು ಬಳಸುತ್ತಾರೆ ಅನ್ನುವ ಸಿಟ್ಟು. ನಿಮ್ಮ ಹಿನ್ನೆಲೆ ಸಂಗೀತ ಆರಿಸುವಾಗ ಇದು ನೆನಪಿರಲಿ. ಗುಂಯ್ ಅನ್ನುವ ಒಂದು ದನಿ ಸಾಕು, ಒಳ್ಳೆಯ ಮನುಷ್ಯ ಕೂಡ ಭಯಾನಕ ಕಾಣುತ್ತಾನೆ.

ಬೆಂಗಳೂರಿನಿಂದ ಒಬ್ಬರು:

ನಾನು ಸಿನಿಮಾದವನಲ್ಲ, ಇಂಥ ಒಂದು ಚಿತ್ರದಲ್ಲಿ ಮಾತಾಡಿದವನು. ವಿದೇಶದ ಫೆಸ್ಟಿವಲ್‌ಗೆ ಮಾತ್ರ ಅಂತ ಹೇಳಿದ್ದರು. ಆಮೇಲೆ ಒಂದು ತುಣುಕು ಆನ್‌ಲೈನ್ ಬಂತು, ಅಲ್ಲಿಂದ ಮನೆಯವರ ವಾಟ್ಸಾಪ್ ಗ್ರೂಪಿಗೆ. ಅಮ್ಮ ಎರಡು ತಿಂಗಳು ಫೋನ್ ಎತ್ತಲಿಲ್ಲ. ನಿಮ್ಮ ಚಿತ್ರದಲ್ಲಿ ನಮ್ಮ ಕಡೆಯವರು ಯಾರಾದರೂ ಇದ್ದರೆ, ಅವರ ಮನೆ ಹಾಸನದಲ್ಲೋ ಶಿವಮೊಗ್ಗದಲ್ಲೋ ಇರುತ್ತದೆ ಅನ್ನುವುದು ಮರೆಯಬೇಡಿ. ಎಲ್ಲೆಲ್ಲಿ ತೋರಿಸುತ್ತೀರಿ ಅಂತ ಒಂದೊಂದಾಗಿ ಬರೆದು ಕೊಡಿ. ಟ್ರೇಲರಿಗೆ ಬೇರೆ ಒಪ್ಪಿಗೆ ಕೇಳಿ. ಇಲ್ಲಿ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ಎ ಸೆಕ್ಷನ್ ಕೂಡ ಇದೆ, ಲೈಂಗಿಕ ದೃಶ್ಯ ಆನ್‌ಲೈನ್ ಹಾಕಿದರೆ ಮೊದಲ ಸಲಕ್ಕೇ 5 ವರ್ಷದವರೆಗೆ ಜೈಲು.

ಪ್ರಶ್ನೆ ಕೇಳಿದವರು:

ಎಲ್ಲರಿಗೂ ಧನ್ಯವಾದ. ಎಡಿಟಿಂಗ್ ಅಕ್ಕ, ಒಂದು ಭಯ. ಚಿತ್ರದಲ್ಲಿದ್ದವರಿಗೆ ರಫ್ ಕಟ್ (ಮೊದಲ ಎಡಿಟ್) ತೋರಿಸಿದರೆ ಎಲ್ಲರೂ ಎಲ್ಲ ತೆಗೆಯಿರಿ ಅಂದುಬಿಟ್ಟರೆ?

ಲಂಡನ್ನಿನಲ್ಲಿ ಎಡಿಟಿಂಗ್ ಮಾಡುವವರು:

ನನಗೂ ಅದೇ ಭಯ ಇತ್ತು ಮಾರಾಯ್ತಿ. ಕಾಲೇಜಿನ ಥಿಯೇಟರಿಗೆ ಕರೆಯಬೇಡಿ. ಅವರವರ ಮನೆಗೆ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಿ, ಒಬ್ಬೊಬ್ಬರಿಗೇ ತೋರಿಸಿ. ತೋರಿಸುವಾಗ ಏನೂ ವಿವರಿಸಬೇಡಿ. ಉತ್ತರ ಅವತ್ತೇ ಕೇಳಬೇಡಿ, ಒಂದು ವಾರ ಬಿಡಿ. ನಾವು ಆರು ಜನಕ್ಕೆ ತೋರಿಸಿದೆವು. ಒಬ್ಬರು ಪೂರ್ತಿ ಹಿಂದೆ ಸರಿದರು, ಅದು ಮೇಲೆ ಹೇಳಿದ ಕಥೆ. ಒಬ್ಬರು ಮಗಳ ಹೆಸರು ಬಂದ ಒಂದು ಸಾಲು ತೆಗೆಸಿದರು. ಹಗ್ಗದ ಹೆಂಗಸು ಮಾತ್ರ ಅರ್ಧಕ್ಕೇ ನಿಲ್ಲಿಸಿ, ಅಮ್ಮನ ಮಾತು ಇನ್ನೂ ಸ್ವಲ್ಪ ಇತ್ತಲ್ಲ, ಅದನ್ನು ಯಾಕೆ ಬಿಟ್ಟಿರಿ ಅಂತ ಕೇಳಿದರು. ನಾವು ಮತ್ತೆ ರಶಸ್ ಹುಡುಕಿ ಹಾಕಿದೆವು. ನಾನು ಮೇಲೆ ಹೇಳಿದ ಏಳು ನಿಮಿಷ ಆಗಿದ್ದು ಹಾಗೆ, ಮೊದಲು ಅದು ನಾಲ್ಕೇ ಇತ್ತು.